ನಗಿಸುವ ಪುಸ್ತಕ ಅಂದ್ರೆ ಯಾಕಿಷ್ಟು ತಾತ್ಸಾರ?

ನಿನ್ನೆ ಮನೆಗೆ ಬಂದಿದ್ದ ಹಿರಿಯರೊಬ್ಬರು ಟೀಪಾಯಿ ಮೇಲಿದ್ದ ಪುಸ್ತಕವನ್ನು ಹಿಂದುಮುಂದು ತಿರುಗಿಸಿ ನೋಡಿ, ‘ಈಗ ಇಂಥದ್ದೆಲ್ಲ ಓದೋದಾ?’ ಅಂದರು. ಆ ‘ಇಂಥದ್ದು’ ನನಗಿನ್ನೂ ಚುಚ್ಚುತ್ತಿದೆ.

ಡಿಸೆಂಬರ್ ಬಂತೆಂದರೆ ನಾನು ಕ್ರಿಸ್‌ಮಸ್ ಹಬ್ಬದ ಸುತ್ತ ನಡೆಯುವ ಹಾಸ್ಯ ಕಾದಂಬರಿ ಹಿಡಿದು ಕೂರುವುದು ನಿಮಗೆಲ್ಲ ಗೊತ್ತು. ನಿನ್ನೆ ಅಲ್ಲಿದ್ದದ್ದು 1972ರಲ್ಲಿ ಅಮೆರಿಕದ ಬಾರ್ಬರಾ ರಾಬಿನ್‌ಸನ್ ಬರೆದ ‘ದಿ ಬೆಸ್ಟ್ ಕ್ರಿಸ್‌ಮಸ್ ಪೇಜೆಂಟ್ ಎವರ್’. ಮಕ್ಕಳ ಪುಸ್ತಕ, ಒಂದೇ ಕೂತಿಗೆ ಮುಗಿಯುತ್ತದೆ. ಹರ್ಡ್‌ಮನ್ ಮನೆಯ ಆರು ಮಕ್ಕಳು ಊರಿಗೇ ತಲೆನೋವು. ತಿಂಡಿ ಸಿಗುತ್ತದೆಂದು ಚರ್ಚಿಗೆ ಬಂದವರು ಹಬ್ಬದ ನಾಟಕದ ಮುಖ್ಯ ಪಾತ್ರಗಳನ್ನೆಲ್ಲ ಕಿತ್ತುಕೊಳ್ಳುತ್ತಾರೆ. ಯೇಸು ಹುಟ್ಟಿದ ಕಥೆಯನ್ನು ಅವರು ಕೇಳುವುದೇ ಮೊದಲ ಸಲ. ಆ ಕಥೆಯಲ್ಲಿ ಕೂಸು ಯೇಸುವಿಗೆ ಕಾಣಿಕೆ ತರುವ ಮೂವರು ಜ್ಞಾನಿಗಳ ವೇಷ ಹಾಕಿದ ಹುಡುಗರು ಕೊನೆಗೆ ಕೂಸಿಗೆ ಕೊಡುವುದೇನು ಗೊತ್ತಾ? ಬಡವರ ಮನೆಯೆಂದು ತಮಗೆ ದಾನವಾಗಿ ಬಂದಿದ್ದ ಹಂದಿಮಾಂಸ, ಕಟ್ಟಿದ ರಿಬ್ಬನ್ ಸಮೇತ. ಅಲ್ಲಿಯವರೆಗೆ ಹೊಟ್ಟೆ ಹಿಡಿದು ನಕ್ಕಿದ್ದವನಿಗೆ ಆ ಪುಟದಲ್ಲಿ ಗಂಟಲು ಕಟ್ಟಿತು. ಇದು ‘ಇಂಥದ್ದು’ ಹೇಗಾಗುತ್ತದೆ?

ಡಿಸೆಂಬರ್ ವ್ಯಾಪಾರಕ್ಕೆಂದೇ ಅಚ್ಚು ಹಾಕಿ ತೆಗೆದಂಥ ಪುಸ್ತಕಗಳು ರಾಶಿ ಬೀಳುತ್ತವೆ ಎನ್ನುತ್ತಾರೆ. ಬೀಳುತ್ತವೆ, ನಿಜ. ಅಳಿಸುವ ಕಾದಂಬರಿಗಳಲ್ಲಿ ಜೊಳ್ಳಿಲ್ಲವೇ? ಅವಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ. ನಗಿಸಿದರೆ ಮಾತ್ರ ತಪ್ಪು.

ಇಂಗ್ಲೆಂಡಿನ ಲೇಖಕ ಚಾರ್ಲ್ಸ್ ಡಿಕನ್ಸ್‌ನ ಹಾಸ್ಯ ಕಾದಂಬರಿ ‘ಪಿಕ್‌ವಿಕ್ ಪೇಪರ್ಸ್’ 1836ರಲ್ಲಿ ಕಂತುಗಳಾಗಿ ಬರತೊಡಗಿದಾಗ ಆತನಿಗೆ 24 ವರ್ಷ. ಅಪ್ಪ ಸಾಲಕ್ಕೆ ಜೈಲು ಸೇರಿದಾಗ, 12ರ ವಯಸ್ಸಲ್ಲಿ ಬೂಟ್‌ಪಾಲಿಶ್ ಡಬ್ಬಿಗಳಿಗೆ ಚೀಟಿ ಅಂಟಿಸಿದ ಹುಡುಗ ಆತ. ಕಷ್ಟ ಗೊತ್ತಿಲ್ಲದೆ ನಗಿಸಿದವನಲ್ಲ.

ಒಂದು ವಿಷಯ ಇಲ್ಲಿ ಬರೆದಿರಲಿಲ್ಲ. ನನ್ನ ಅಪ್ಪನಿಗೆ ಹರ್ನಿಯಾ ಆಪರೇಷನ್ ಆದ ಡಿಸೆಂಬರಿನಲ್ಲಿ ಆಸ್ಪತ್ರೆಯಲ್ಲಿ ಕೂತು ಆ ಕಾದಂಬರಿಯ 28ನೇ ಅಧ್ಯಾಯವನ್ನು ಕನ್ನಡದಲ್ಲಿ ಹೇಳುತ್ತಾ ಹೋಗಿದ್ದೆ. ಪಿಕ್‌ವಿಕ್ ಮತ್ತು ಗೆಳೆಯರು ಹಬ್ಬಕ್ಕೆ ಹಳ್ಳಿಗೆ ಹೊರಟಿದ್ದಾರೆ. ಜೊತೆಗೊಂದು ಭಾರೀ ಕಾಡ್ ಮೀನು. ಕುದುರೆ ಗಾಡಿಯ ಮುಂದಿನ ಪೆಟ್ಟಿಗೆಗೆ ಅದು ಹಿಡಿಸುತ್ತಿಲ್ಲ. ತಲೆ ಮೊದಲು ಹಾಕಿ ನೋಡುತ್ತಾರೆ, ಬಾಲ ಮೊದಲು, ಅಡ್ಡಡ್ಡ, ಉದ್ದುದ್ದ.

‘ಅಂಜಲ್ ಮೀನಿಗಿಂತ ದೊಡ್ಡದಾ ಮಾರಾಯ?’ ಅಪ್ಪ ಕೇಳಿದರು. ಜೀವಮಾನವಿಡೀ ಮೇಷ್ಟ್ರಾಗಿದ್ದವರು, ನಮ್ಮೆದುರು ಬಾಯಿಬಿಟ್ಟು ನಕ್ಕದ್ದೇ ಕಡಿಮೆ.

‘ಭಾರೀ ದೊಡ್ಡದು ಅಪ್ಪ’ ಅಂದೆ. ಕೊನೆಗೆ ಗಾಡಿಯ ಗಾರ್ಡ್ ಅಕಸ್ಮಾತ್ತಾಗಿ ನಟ್ಟನಡುವಿಗೆ ಹೊಡೆದಾಗ ಮೀನು ಸರ್ರನೆ ಒಳಹೋಯಿತು, ಅದರ ಹಿಂದೆಯೇ ಅವನ ತಲೆ, ಭುಜ! ಅಪ್ಪ ಎರಡೂ ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕರು. ‘ನಿಲ್ಸು, ಹೊಲಿಗೆ ಬಿಚ್ಚಿ ಹೋಗ್ತದೆ’ ಅಂದವರು ಉಸಿರು ತೆಗೆದುಕೊಂಡು, ‘ಮತ್ತೆ?’ ಅಂದರು.

ಯಾವ ಗಂಭೀರ ಕಾದಂಬರಿಯೂ ನನಗೆ ಅಪ್ಪನ ಆ ನಗು ಕೊಟ್ಟಿಲ್ಲ. ಇನ್ನೊಮ್ಮೆ ಯಾರಾದರೂ ‘ಇಂಥದ್ದು’ ಅಂದರೆ ಸುಮ್ಮನಿರುವುದಿಲ್ಲ.

ಎರಡೂ ಪುಸ್ತಕ ನನ್ನ ಹತ್ತಿರ ಇವೆ. ಬೇಕಾದವರು ಕೇಳಿ, ಕೊಡುತ್ತೇನೆ. ಪಿಕ್‌ವಿಕ್ ಮಾತ್ರ ಹಬ್ಬ ಮುಗಿದ ಮೇಲೆ. ಅಪ್ಪ ಈ ವಾರ ಬರ್ತಿದ್ದಾರೆ.