ತಣ್ಣನೆ ಬಟಾಣಿಗೆ ಬಿಸಿ ಒಗ್ಗರಣೆ

ನಮ್ಮ ಮನೆಯಲ್ಲಿ ತಣ್ಣಗಿರಲು ಅಪ್ಪಣೆ ಇರುವುದು ಕುಡಿಯುವ ನೀರಿಗೆ ಮಾತ್ರ. ಅದೂ ಮಡಕೆಯದ್ದಾದರೆ. ಮಿಕ್ಕಿದ್ದು ಏನೇ ಆಗಲಿ, ಹಬೆಯಾಡುತ್ತ ತಟ್ಟೆಗೆ ಬೀಳದಿದ್ದರೆ "ಆರಿ ಅಕ್ಷತೆಯಾಗಿದೆ" ಅಂತ ತೀರ್ಪಾಗಿ ಒಲೆಗೆ ವಾಪಸು ಹೋಗುತ್ತದೆ. ಇಂಥ ಮನೆಯಲ್ಲಿ ಮೊನ್ನೆ ಭಾನುವಾರ, ಅದೂ ನೆಂಟರು ಊಟಕ್ಕೆ ಬಂದ ದಿನ, ಫ್ರಿಜ್ಜಿನಲ್ಲಿಟ್ಟು ತಂಪು ಮಾಡಿದ ಹಸಿ ಬಟಾಣಿ ಪುದೀನ ಸಲಾಡ್ ಬಡಿಸಬೇಕು ಅಂತಿದ್ದೆ. ಬಡಿಸಿದ್ದು ಬೇರೆಯೇ. ಹೊಟ್ಟೆಯುರಿ ಇನ್ನೂ ಆರಿಲ್ಲ. ಅದಾದರೂ ಬಿಸಿಯಾಗಿಯೇ ಇರುವುದರಿಂದ ಮನೆಯಲ್ಲಿ ಯಾರೂ ಆಕ್ಷೇಪ ಎತ್ತುವಂತಿಲ್ಲ.

ಶಿವರಾತ್ರಿ ಕಳೆದರೆ ಚಳಿ ಶಿವಶಿವಾ ಅಂತ ಹೋಗುತ್ತದಂತೆ. ಈ ಸಲ ಬೆಂಗಳೂರಿನ ಚಳಿಗೆ ಶಿವನಿಗೆ ಹೇಳಿ ಹೋಗುವಷ್ಟು ಸೌಜನ್ಯವೂ ಇರಲಿಲ್ಲ. ಬೆಳಗ್ಗೆ ಹನ್ನೊಂದಕ್ಕೆ ಒಲೆ ಮುಂದೆ ನಿಂತರೆ ಸಾರಿಗಿಂತ ಮೊದಲು ನಾವೇ ಕುದಿಯುತ್ತೇವೆ. ಅನ್ನ, ಹುಳಿ, ಸಾರು, ಪಲ್ಯ ಎಲ್ಲವೂ ಬೆಂಕಿಯನ್ನೇ ಬೇಡುವಾಗ, ಎಲೆಯ ಮೇಲಿನ ಒಂದಾದರೂ ಪದಾರ್ಥ ಒಲೆಯ ಹಂಗಿಲ್ಲದೆ ಇರಲಿ ಎಂದು ಬಯಸುವುದು ದುರಾಸೆಯೇನಲ್ಲ. ಇಂಗ್ಲೆಂಡಿನಲ್ಲಿರುವ ನಾದಿನಿ ಫೋನಿನಲ್ಲಿ ಹೇಳುತ್ತಿದ್ದಳು, ಅಲ್ಲಿ ಬಟಾಣಿ ಬೇಯುವ ನೀರಿಗೇ ಪುದೀನದ ಕಡ್ಡಿ ಹಾಕುತ್ತಾರೆ, ಬಿಸಿಲುಗಾಲ ಬಂದರೆ ಅದನ್ನೇ ತಂಪು ಮಾಡಿ ಊಟದ ಜೊತೆಗಿಡುತ್ತಾರೆ ಅಂತ. ನನಗೆ ಅದರಲ್ಲಿ ಪರದೇಶಿಯಾದದ್ದೇನೂ ಕಾಣಲಿಲ್ಲ. ಹೆಸರುಬೇಳೆ ಕೋಸಂಬರಿ, ಸೌತೆಕಾಯಿ ಮೊಸರು ಬಜ್ಜಿ ತಿಂದು ಬೆಳೆದವರು ನಾವು. ಹೆಸರುಬೇಳೆ ಎದ್ದು ಹೋದ ಜಾಗದಲ್ಲಿ ಬಟಾಣಿ ಬಂದು ಕೂತರೆ ಮುಗಿಯಿತು.

ಹೀಗೆ ಲೆಕ್ಕ ಹಾಕುವಾಗ ಚಿಕ್ಕಮಾವನವರು ಇದ್ದಾರೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರು ಹಾಸನದಿಂದ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದವರು. ಆಪರೇಷನ್ ಚೆನ್ನಾಗಿಯೇ ಆಯಿತು. ಎಷ್ಟು ಚೆನ್ನಾಗಿ ಅಂದರೆ, ಈಗ ಅವರಿಗೆ ಸಿಂಕಿನ ಮೂಲೆಯ ಪಾಚಿ, ಬೇಳೆ ಡಬ್ಬದೊಳಗಿನ ಹುಳು, ಮಿಕ್ಸಿ ಜಾರಿನ ಬಿರುಕು ಎಲ್ಲವೂ ಹಾಲ್‌ನಲ್ಲಿ ಕೂತಲ್ಲಿಂದಲೇ ಕಾಣುತ್ತವೆ. ಇದೆಲ್ಲ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಅವರ ಇನ್ನೊಂದು ಅಭ್ಯಾಸ. ಮೇಜಿನ ಮೇಲಿರುವ ಪ್ರತಿ ಪಾತ್ರೆಗೂ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ, ಬೆರಳುಗಳ ಹಿಂಬದಿ ಒತ್ತಿ ನೋಡುತ್ತಾರೆ. ಜ್ವರ ಇದ್ದರೆ ಸಮಾಧಾನ. ಇಲ್ಲದಿದ್ದರೆ ಮುಖ ಬಾಡುತ್ತದೆ. "ತಣ್ಣಗಾಗ್‌ಹೋಗಿದೆಯಲ್ಲಮ್ಮ ಇದು" ಅನ್ನುತ್ತಾರೆ, ಯಾರೋ ಹೋಗಿಬಿಟ್ಟ ಸುದ್ದಿ ಹೇಳುವ ದನಿಯಲ್ಲಿ. ನಾನು ಎದ್ದು ಬರುವಷ್ಟರಲ್ಲಿ ಪಾತ್ರೆ ಇಕ್ಕಳದಲ್ಲಿ ಸಿಕ್ಕಿ ಒಲೆ ಏರಿರುತ್ತದೆ. ಚಟ್ನಿಯನ್ನು ಬಿಸಿ ಮಾಡಿದ್ದಾರೆ. ಹೋಳಿಗೆ ಜೊತೆಗಿಟ್ಟ ಮಾವಿನಹಣ್ಣಿನ ಸೀಕರಣೆಯನ್ನು ಬಿಸಿ ಮಾಡಿದ್ದಾರೆ. ಮಗ ತರಿಸಿದ ಐಸ್‌ಕ್ರೀಮಿನ ಡಬ್ಬವನ್ನು ಮುಟ್ಟಿ ನೋಡಿ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆ ಮೌನಕ್ಕೆ ಹೆದರಿ ಮಗ ಡಬ್ಬ ಎತ್ತಿಕೊಂಡು ರೂಮಿಗೆ ಓಡಿದ.

ಅಂತೂ ಬಟಾಣಿ ತಂದೆ. ಸೀಸನ್ನಿನ ಕೊನೆ, ಗಾಡಿಯವನು ಊಟಿ ಬಟಾಣಿ ಅಂತ ಬೆಲೆಯಲ್ಲೂ ಬೆಟ್ಟ ಹತ್ತಿಸಿದ್ದ. ಮೊದಲೆಲ್ಲ ತರಕಾರಿ ಕೊಂಡರೆ ಒಂದು ಹಿಡಿ ಕೊತ್ತಂಬರಿ, ನಾಲ್ಕು ಹಸಿಮೆಣಸಿನಕಾಯಿ ಕೊಸರಿಗೆ ಬರುತ್ತಿತ್ತು. ಈಗ ಕೊಸರು ಕೇಳಿದರೆ ಗಾಡಿಯವನು ಮೊಬೈಲು ತೆಗೆದು ಯಾವುದೋ ತುರ್ತು ಕರೆಗೆ "ಹಲೋ" ಅನ್ನುತ್ತಾನೆ. ಪುದೀನ, ಸಬ್ಬಸಿಗೆ ಎರಡಕ್ಕೂ ಬೇರೆ ಬೇರೆ ದುಡ್ಡು ಕೊಟ್ಟೆ. ಪುದೀನದ ಕಟ್ಟಿನಲ್ಲಿ ಎಲೆ ಎಷ್ಟಿತ್ತೋ ಬೇರು ಮತ್ತು ಕೆಮ್ಮಣ್ಣು ಅದಕ್ಕಿಂತ ಹೆಚ್ಚಿತ್ತು.

ಒಂದು ಕೆಜಿ ಬಟಾಣಿ ಸುಲಿದರೆ ಕಾಳು ಅರ್ಧ ಕೆಜಿಯೂ ಸಿಗದು. ಸಿಪ್ಪೆಯ ಗುಡ್ಡ ನೋಡಿದರೆ ಮಾತ್ರ ಮದುವೆ ಮನೆ. ಸುಲಿಯಲು ಕೂತಾಗ ನನಗೆ ಯಾವಾಗಲೂ ಬರುವ ಯೋಚನೆ ಗ್ರೆಗರ್ ಮೆಂಡೆಲ್‌ನದು. ಬ್ರನೋ ಊರಿನ ಮಠದ ತೋಟದಲ್ಲಿ 1856ರಿಂದ 1863ರವರೆಗೆ ಸುಮಾರು 28,000 ಬಟಾಣಿ ಗಿಡ ಬೆಳೆಸಿ, ಹಸಿರು ಕಾಳೆಷ್ಟು ಹಳದಿ ಎಷ್ಟು, ದುಂಡಗಿನದೆಷ್ಟು ಸುಕ್ಕಿನದೆಷ್ಟು ಅಂತ ಎಣಿಸಿ, ವಂಶವಾಹಿ ಶಾಸ್ತ್ರಕ್ಕೇ ಬುನಾದಿ ಹಾಕಿದ ಸನ್ಯಾಸಿ. ಎಣಿಸಿದವನ ಹೆಸರು ಪಠ್ಯಪುಸ್ತಕದಲ್ಲಿದೆ. ಸುಲಿಯಲು ಜೊತೆಗೆ ಕೂತವರದ್ದು ಎಲ್ಲಿದೆ? ನಮ್ಮ ಮನೆಯವರು ಭಾನುವಾರದ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, "ಮಠ ಅಲ್ಲವೇನೆ, ಅಲ್ಲಿ ಹೆಂಗಸರು ಇರಲ್ಲ, ಅವನೇ ಸುಲಿದಿರ್ತಾನೆ" ಅಂದರು. ಪೇಪರು ಕೆಳಗಿಳಿಯಲಿಲ್ಲ. ಅಂದಹಾಗೆ ಆ ಸುಕ್ಕು ಕಾಳಿದೆಯಲ್ಲ, ಒಣಗಿದಾಗ ಮುದುಡುವುದು, ರುಚಿಯಲ್ಲಿ ಅದೇ ಸಿಹಿ. ಸಕ್ಕರೆ ಹೆಚ್ಚು, ಪಿಷ್ಟ ಕಡಿಮೆ. ಕಿತ್ತ ಮೇಲೆ ಇಟ್ಟಷ್ಟೂ ಬಟಾಣಿಯ ಸಕ್ಕರೆ ಪಿಷ್ಟವಾಗುತ್ತ ಹೋಗುತ್ತದೆ, ಆದ್ದರಿಂದ ತಂದ ದಿನವೇ ಸುಲಿಯಬೇಕು. ಇದನ್ನು ಪೇಪರಿನ ಈಚೆಯಿಂದ ಎಷ್ಟು ಸಲ ಹೇಳಿದರೂ ಆಚೆಯಿಂದ ಬರುವುದು "ಹೂಂ" ಮಾತ್ರ.

ಸಹಾಯಕ್ಕೆ ಬಂದವರು ಚಿಕ್ಕಮಾವನೇ. ಸುಲಿದರು, ನಿಜ. ಆದರೆ ಹಿಡಿ ಕಾಳನ್ನು ಗಾಜಿನ ಲೋಟದ ನೀರಿಗೆ ಹಾಕಿ, ಕಲಕಿ, ಕಿಟಕಿ ಕಟ್ಟೆಯ ಮೇಲಿಟ್ಟು ಅರ್ಧ ಗಂಟೆ ಕಾಯಬೇಕೆಂದರು. ಬಟಾಣಿಗೆ ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣ ಬಳಿದಿದ್ದರೆ ನೀರಿಗೆ ಬಿಡುತ್ತದೆ, ಆಹಾರ ಸುರಕ್ಷತೆಯ ಇಲಾಖೆಯವರೇ ಹೇಳಿಕೊಟ್ಟ ಪರೀಕ್ಷೆ. ಪರೀಕ್ಷೆ ಸರಿಯಾದದ್ದೇ.

"ಮಾವ, ಅದು ಸುಲಿದು ಮಾರುವ ಕಾಳಿಗೆ. ಇದನ್ನ ನೀವೇ ಈಗ ಸಿಪ್ಪೆ ಬಿಡಿಸಿದ್ದಲ್ವಾ?"

"ಇರಲಿ ಬಿಡಮ್ಮ, ಕಾಲ ಕೆಟ್ಟಿದೆ."

ಮುಚ್ಚಿದ ಸಿಪ್ಪೆಯೊಳಗೆ ಹೊಕ್ಕು ಬಣ್ಣ ಹಚ್ಚಿ ಬರುವಷ್ಟು ಕಾಲ ಕೆಟ್ಟಿದೆಯೇ ಎಂದು ನಾನು ಕೇಳಲಿಲ್ಲ. ಲೋಟದ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ನೀರು ನೀರಾಗಿಯೇ ಉಳಿಯಿತು. ಅವರಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು.

ಈ ಸಲಾಡಿನಲ್ಲಿ ಇರುವುದೆಲ್ಲ ಅವಸರ. ಉಪ್ಪು ಹಾಕಿದ ನೀರು ಕುದಿ ಬಂದಾಗ ಬಟಾಣಿ ಸುರಿದು, ಎರಡು ನಿಮಿಷಕ್ಕೇ ಜರಡಿ ಸೌಟಿನಲ್ಲಿ ಎತ್ತಿ ಮಂಜುಗಡ್ಡೆ ನೀರಿಗೆ ಹಾಕಬೇಕು. ಆಗ ಕಾಳಿನ ಹಸಿರು ಹೊಳೆಯುತ್ತ ನಿಲ್ಲುತ್ತದೆ. ಬಟಾಣಿ ಎತ್ತಿಕೊಂಡು ಫ್ರೀಜರ್ ತೆರೆದರೆ ಐಸ್ ಟ್ರೇ ಇದೆ, ಐಸ್ ಇಲ್ಲ. ಒಂದು ಮೂಲೆಯಲ್ಲಿ ಒಂದೇ ಒಂದು ತುಂಡು ಉಳಿಸಿದ್ದಾರೆ. ಪೂರ್ತಿ ಖಾಲಿ ಮಾಡಿದವರು ನೀರು ತುಂಬಬೇಕೆಂಬುದು ಮನೆಯ ಕಾಯಿದೆ, ಒಂದು ಉಳಿಸಿದರೆ ಕಾಯಿದೆ ಅನ್ವಯಿಸುವುದಿಲ್ಲ. ಮಗ ಕಾನೂನು ಓದುತ್ತೇನೆ ಅನ್ನುತ್ತಿದ್ದಾನೆ, ಓದುವ ಅಗತ್ಯವೇ ಇಲ್ಲ. ಕೊನೆಗೆ ಪಕ್ಕದ ಮನೆಯವರ ಬಾಗಿಲು ತಟ್ಟಿ ಐಸ್ ಕಡ ತಂದೆ.

ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದಿದ್ದೆ. ಅದಕ್ಕೆ ಉಪ್ಪು, ಕುಟ್ಟಿದ ಕಾಳುಮೆಣಸು, ಈರುಳ್ಳಿ ಹೂವಿನ ತೆಳು ಬಿಲ್ಲೆ, ಸಣ್ಣಗೆ ಹೆಚ್ಚಿದ ಸಬ್ಬಸಿಗೆ. ಸಬ್ಬಸಿಗೆಯನ್ನು ನಾವು ಅಕ್ಕಿರೊಟ್ಟಿಯಲ್ಲಿ ಸುಡುತ್ತೇವೆ, ಇಡ್ಲಿಯಲ್ಲಿ ಬೇಯಿಸುತ್ತೇವೆ. ಹಸಿಯಾಗಿ ತಣ್ಣನೆ ಮೊಸರಿನಲ್ಲಿ ಅದು ಎಂಥ ಘಮ ಬಿಡುತ್ತದೆ ಎಂಬುದು ಅದಕ್ಕೇ ಗೊತ್ತಿಲ್ಲ, ಪಾಪ. ಪುದೀನ ಮೊದಲೇ ಹೆಚ್ಚಿಟ್ಟರೆ ಕಪ್ಪಾಗುತ್ತದೆ, ಬಡಿಸುವ ಮುಂಚೆ ಕೈಯಲ್ಲೇ ಹರಿದು ಹಾಕಬೇಕು. ನಿಂಬೆರಸವೂ ಕೊನೆಗೇ. ಹುಳಿ ತಾಗಿ ಹೊತ್ತಾದರೆ ಹಸಿರು ಮಂಕಾಗುತ್ತದೆ, ಹುಳಿಯ ಜೊತೆ ಬಿಸಿಯೂ ಸೇರಿದರಂತೂ ಎಲೆ, ಕಾಳು ಎಲ್ಲ ಖಾಕಿಗೆ ತಿರುಗುತ್ತವೆ. ಈ ಕೊನೆಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಗಾಜಿನ ಬೋಗುಣಿಯಲ್ಲಿ ಬಿಳಿ ಮೊಸರಿನ ನಡುವೆ ಹಸಿರು ಕಾಳು ಮಿಣಮಿಣ ಅನ್ನುತ್ತಿತ್ತು. ಫ್ರಾನ್ಸಿನ 14ನೇ ಲೂಯಿಯ ಆಸ್ಥಾನದಲ್ಲಿ ಎಳೆ ಬಟಾಣಿಯ ಹುಚ್ಚು ಹತ್ತಿತ್ತಂತೆ. ರಾಜಕುಮಾರರು ನಾಲ್ಕು ದಿನದಿಂದ ಬಟಾಣಿ ಬಿಟ್ಟು ಬೇರೆ ಮಾತಾಡಿಲ್ಲ, ಹೆಂಗಸರು ಅರಮನೆಯಲ್ಲಿ ರಾಜನ ಜೊತೆ ಉಂಡು ಮನೆಗೆ ಹೋಗಿ ಮಲಗುವ ಮೊದಲು ಮತ್ತೆ ಬಟಾಣಿ ತಿನ್ನುತ್ತಾರೆ ಎಂದು ರಾಜನ ಎರಡನೇ ಹೆಂಡತಿ ಮಾದಾಮ್ ದ ಮೆಂತೆನೋ 1696ರಲ್ಲಿ ಕಾಗದ ಬರೆದಿದ್ದಳು. ಆ ಬೋಗುಣಿ ನೋಡಿದ ಕ್ಷಣ ನನಗೆ ಆ ಹೆಂಗಸರ ಮೇಲೆ ಪೂರ್ಣ ಸಹಾನುಭೂತಿ ಬಂತು. ನಿಂಬೆರಸ ಹಿಂಡಿ, ಪುದೀನ ಹರಿದು ಹಾಕಿ, ಎಲೆ ತೊಳೆಯಲು ಬಾಲ್ಕನಿಗೆ ಹೋದೆ.

ಬಾಳೆಲೆ ತೊಳೆಯಲು ಎಷ್ಟು ಹೊತ್ತು ಬೇಕು ಹೇಳಿ. ಕೊನೆಯ ಎಲೆಯ ನೀರು ಕೊಡವುತ್ತಿದ್ದಾಗ ಒಳಗಿನಿಂದ ಚಟಪಟ ಕೇಳಿಸಿತು. ಸಾಸಿವೆ. ನಾನು ಅಡುಗೆಮನೆಯಲ್ಲಿಲ್ಲದಾಗ ಸಾಸಿವೆ ಸಿಡಿಯುವ ಸದ್ದಿಗೆ ಒಂದೇ ಅರ್ಥ. ಎಲೆ ಅಲ್ಲೇ ಬಿಟ್ಟು ಓಡಿದೆ. ಒಲೆಯ ಮೇಲೆ ಬಾಣಲೆ. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಇಂಗು. ಅದರ ಮೇಲೆ ನನ್ನ ಇಡೀ ಬೋಗುಣಿ. ಚಿಕ್ಕಮಾವ ಸೌಟು ಹಿಡಿದು, ಪಂಚೆ ಎತ್ತಿ ಕಟ್ಟಿ, ದೊಡ್ಡ ಅನಾಹುತವೊಂದನ್ನು ಕೂದಲೆಳೆಯಲ್ಲಿ ತಪ್ಪಿಸಿದವರ ಧೈರ್ಯದಲ್ಲಿ ತಿರುವುತ್ತಿದ್ದರು.

"ಒಳ್ಳೇದಾಯ್ತು ನಾನು ಮುಟ್ಟಿ ನೋಡಿದ್ದು. ಬರ್ಫ ಆಗ್‌ಬಿಟ್ಟಿತ್ತು ಕಣಮ್ಮ! ನೆಂಟರ ಮುಂದೆ ಮರ್ಯಾದೆ ಹೋಗ್ತಿತ್ತು."

ಮೊಸರು ಒಡೆದು ಗಿಣ್ಣಿನ ಚೂರಾಗಿ ಬಾಣಲೆಯ ಅಂಚಿಗೆ ಸರಿಯುತ್ತಿತ್ತು. ಪುದೀನ ಕರ್ರಗೆ ಮುದುಡಿ, ಸತ್ತ ಚಿಟ್ಟೆ ಅಂದುಕೊಂಡು ಮಗ ಎರಡು ಹೆಜ್ಜೆ ಹಿಂದೆ ಸರಿದ. ಬಟಾಣಿ ಖಾಕಿ. ಮೇಲೆ ಕಾಯಿತುರಿ ಉದುರಿಸುವುದಷ್ಟೇ ಬಾಕಿ ಇತ್ತು, ಅದನ್ನೂ ನನ್ನ ಕಣ್ಣೆದುರಿಗೇ ಉದುರಿಸಿದರು.

"ಮಾವ, ಅದು ತಣ್ಣಗೇ ತಿನ್ನೋದು. ಕೋಸಂಬರಿ ತಣ್ಣಗೇ ತಿನ್ನಲ್ವಾ? ಮೊಸರು ಬಜ್ಜಿ?"

"ಅದಕ್ಕೆ ಒಗ್ಗರಣೆ ಇರತ್ತಲ್ಲಮ್ಮ."

ಈ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ಯೋಚಿಸಿ ನೋಡಿ. ಮೊಸರನ್ನ, ಕೋಸಂಬರಿ, ಬಜ್ಜಿ, ತಂಬುಳಿ, ನಮ್ಮಲ್ಲಿ ತಣ್ಣಗಿರುವ ಯಾವುದೇ ಪದಾರ್ಥ ಮೇಲೊಂದು ಚಮಚ ಬಿಸಿ ಒಗ್ಗರಣೆಯ ಮುದ್ರೆ ಒತ್ತಿಸಿಕೊಳ್ಳದೆ ಅಡುಗೆಮನೆಯ ಹೊಸ್ತಿಲು ದಾಟಿದ್ದುಂಟೇ? ಚಿಕ್ಕಮಾವ ಮುದ್ರೆಯಿಲ್ಲದ ಕಾಗದವನ್ನು ತಡೆದ ಗುಮಾಸ್ತ ಅಷ್ಟೆ. ತಡೆದು ಸುಮ್ಮನಿರದೆ ಇಡೀ ಕಾಗದವನ್ನೇ ಮಸಿ ಕುಡಿಕೆಯಲ್ಲಿ ಅದ್ದಿದ್ದು ಮಾತ್ರ ಸ್ವಲ್ಪ ಜಾಸ್ತಿಯಾಯಿತು.

ನೆಂಟರು ಊಟಕ್ಕೆ ಕೂತರು. ಅಲ್ಲಿಯಾದರೂ ನನಗೆ ನ್ಯಾಯ ಸಿಗುತ್ತದೆ ಎಂದುಕೊಂಡರೆ, "ಉಸಲಿ ಭೇಷಾಗಿದೆ! ಹುಳಿ ಒಂಚೂರು ಮುಂದು, ಆದ್ರೂ ಏನೋ ಹೊಸ ಥರ. ಪನ್ನೀರ್ ಹಾಕಿದ್ದೀರಾ?" ಅಂದರು. ಚಿಕ್ಕಮಾವ ವಿನಯದಿಂದ ತಲೆ ತಗ್ಗಿಸಿ, "ಎಲ್ಲ ಇವಳೇ ಮಾಡಿದ್ದು, ನಾನು ಸ್ವಲ್ಪ ಸರಿ ಮಾಡಿದೆ" ಅಂದರು. ನೆಂಟರು ಎರಡನೇ ಸಲ ಹಾಕಿಸಿಕೊಂಡರು. ಮೂರನೇ ಸಲಕ್ಕೆ ಬಾಣಲೆ ಕೆರೆದರು. ಪೇಪರಿನ ಹಿಂದಿದ್ದ ನಮ್ಮ ಯಜಮಾನರೂ ಈಗ ಪೂರ್ತಿ ಮುಖ ತೋರಿಸುತ್ತ, "ಇದನ್ನ ಆಗಾಗ ಮಾಡು" ಅಂದರು. ನಾನು ಅನ್ನ ಬಡಿಸಿದೆ. ಹೊಗೆಯಾಡುತ್ತಿತ್ತು. ಅನ್ನ.

ಅವತ್ತು ರಾತ್ರಿ ಮುಸುರೆ ಒರೆಸುವಾಗ ಚಿಕ್ಕಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ತಪ್ಪಾಯಿತು ಅನ್ನಲು ಅಲ್ಲ, ಬಿಸಿನೀರು ಕೇಳಲು. ಕಾಯುವಷ್ಟು ಹೊತ್ತು ಏನೋ ಮಾತು ಬಂದು ನೈಟ್ ಹಾಲ್ಟ್ ಬಸ್ಸಿನ ಕಾಲಕ್ಕೆ ಹೋಯಿತು. ಅವರು ಸರ್ವಿಸ್ ಪೂರ್ತಿ ಕಂಡಕ್ಟರ್. ಸಕಲೇಶಪುರದ ಆಚೆಯ ಯಾವುದೋ ಊರಲ್ಲಿ ಬಸ್ಸು ರಾತ್ರಿ ತಂಗಿದರೆ, ಚಿಕ್ಕತ್ತೆ ಮಧ್ಯಾಹ್ನ ಬಿಸಿಬಿಸಿಯಾಗಿ ತುಂಬಿ ಕೊಟ್ಟ ಕ್ಯಾರಿಯರ್ ಬಿಚ್ಚುವುದು ಟಿಕೆಟ್ ಲೆಕ್ಕ ಮುಗಿದ ಮೇಲೆ, ಹತ್ತು ಗಂಟೆಗೆ. ಮುದ್ದೆ ಗಟ್ಟಿಯಾಗಿರುತ್ತಿತ್ತಂತೆ. ಸಾರಿನ ಮೇಲೆ ತುಪ್ಪ ಹೆಪ್ಪುಗಟ್ಟಿರುತ್ತಿತ್ತಂತೆ. ಮಳೆಗಾಲದಲ್ಲಿ ಬಸ್ಸಿನ ಸೀಟೂ ತಣ್ಣಗೆ. "ಮನೆಗೆ ಬಂದ ದಿನ ಮಾತ್ರ ಅವಳು ಒಲೆಯಿಂದ ನೇರ ತಟ್ಟೆಗೆ ಹಾಕ್ತಿದ್ಲು. ಬಾಯಿ ಸುಟ್ಕೊಂಡೇ ತಿಂತಿದ್ದೆ" ಅಂದರು. ಚಿಕ್ಕತ್ತೆ ಹೋಗಿ ವರ್ಷಗಳಾದವು. ನೀರು ಕಾಯಿತು, ಲೋಟ ತಗೊಂಡು ಮುಟ್ಟಿ ನೋಡಿ, "ಇನ್ನೊಂಚೂರು ಬಿಸಿ ಮಾಡು" ಅಂದರು.

ಪಾಪ ಅನ್ನಿಸಿತು. ಹಾಗಂತ ಸಾರಿಗೆ ಸಂಸ್ಥೆಯ ಹಳೇ ಬಾಕಿಯನ್ನೆಲ್ಲ ನನ್ನ ಬಟಾಣಿ ತೀರಿಸಬೇಕೇ? ಮಾರನೇ ದಿನ ಉಳಿದಿದ್ದ ಹಿಡಿ ಕಾಳಿನಲ್ಲಿ ನನ್ನೊಬ್ಬಳಿಗೇ ಆಗುವಷ್ಟು ಮಾಡಿ, ಫ್ರಿಜ್ಜಿನ ಕೆಳಗಿನ ಸಾಲಿನಲ್ಲಿ ದೋಸೆಹಿಟ್ಟಿನ ಹಿಂದೆ, ಒಡವೆಯ ಡಬ್ಬಿಗೂ ಇಷ್ಟು ಜೋಪಾನ ಮಾಡಿಲ್ಲ, ಬಚ್ಚಿಟ್ಟೆ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಫ್ಯಾನಿನ ಕೆಳಗೆ ಕೂತು ತಿಂದೆ. ತಣ್ಣಗಿತ್ತು, ಸಿಹಿಯಿತ್ತು, ಸಬ್ಬಸಿಗೆ ಮೂಗಿಗೆ ಹತ್ತುತ್ತಿತ್ತು. ಆ ಹದಿನೇಳನೇ ಶತಮಾನದ ಹೆಂಗಸರು ಮನೆಗೆ ಹೋಗಿ ಗುಟ್ಟಾಗಿ ಯಾಕೆ ತಿನ್ನುತ್ತಿದ್ದರು ಎಂಬುದೂ ಗೊತ್ತಾಯಿತು. ಅರಮನೆಯಲ್ಲೂ ಒಬ್ಬರು ಚಿಕ್ಕಮಾವ ಇದ್ದಿರಬೇಕು.

ಮುಂದಿನ ಭಾನುವಾರ ಮತ್ತೆ ಜನ ಬರುತ್ತಾರೆ. ಮುನ್ನೆಚ್ಚರಿಕೆಯಾಗಿ ಒಗ್ಗರಣೆ ಸೌಟನ್ನು ಅಕ್ಕಿ ಡಬ್ಬದ ತಳದಲ್ಲಿ ಹೂತಿಟ್ಟಿದ್ದೆ. ನಿನ್ನೆ ಸಂಜೆ ಚಿಕ್ಕಮಾವ ವಾಕಿಂಗಿನಿಂದ ಬರುವಾಗ ಹೊಸದೊಂದು ಕೊಂಡು ತಂದಿದ್ದಾರೆ. ಕಬ್ಬಿಣದ್ದು, ಉದ್ದ ಹಿಡಿ, ಹಳೆಯದಕ್ಕಿಂತ ಎರಡು ಪಟ್ಟು ಆಳ. "ನಿಮ್ಮನೇದು ಎಲ್ಲೋ ಕಳೆದುಹೋಗಿದೆ, ಪಾಪ ಒದ್ದಾಡ್ತಿದ್ದೀಯ ಅಂತ ತಂದೆ ಕಣಮ್ಮ" ಅಂದರು.