ಶುಭಾಶಯವೋ ಶ್ರದ್ಧಾಂಜಲಿಯೋ

ಹಿಂದೆ ವರ್ಷಕ್ಕೊಮ್ಮೆ ಸೇರುವ ಗೆಳತಿಯರಿಗೆ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿರುತ್ತಿರಲಿಲ್ಲ. ಹಾಗಾಗಿ ಮೊದಲಿನಿಂದ ಕೇಳುತ್ತಿದ್ದರು, ಮೊದಲಿನಿಂದ ಹೇಳುತ್ತಿದ್ದರು. ಈಗ ಎಲ್ಲರ ಸುದ್ದಿಯೂ ಎಲ್ಲರಿಗೂ ಗೊತ್ತು, ಆದರೆ ತಪ್ಪಾಗಿ ಗೊತ್ತು. ವಾಟ್ಸಾಪ್ ಸ್ಟೇಟಸ್ಸನ್ನು ನಾವು ಯಾರೂ ಬಿಡದೆ ನೋಡುತ್ತೇವೆ. ಚಿತ್ರದ ಮೇಲೆ ಕಣ್ಣಾಡಿಸುತ್ತೇವೆ, ಕೆಳಗಿನ ಎರಡು ಸಾಲು ಓದುವುದಿಲ್ಲ, ಕೈ ಮುಗಿದ ಚಿಹ್ನೆಯೊಂದನ್ನು ಒತ್ತಿ ಮುಂದಿನವರ ಬದುಕಿಗೆ ಹೋಗುತ್ತೇವೆ. ಆ ಚಿಹ್ನೆ ಮದುವೆಗೂ ನಡೆಯುತ್ತದೆ, ಮಸಣಕ್ಕೂ ನಡೆಯುತ್ತದೆ.

ನಮ್ಮ ಮನೆಯವರು ಕಳೆದ ಬೇಸಿಗೆಯಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಕಚೇರಿಯವರು ಶಾಲು ಹೊದಿಸಿ, ಮೊಣಕಾಲಿನವರೆಗೆ ಇಳಿಬಿದ್ದ ಗಂಧದ ಹಾರ ಹಾಕಿ, ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಕಾಲ ಬಳಿ ಹಣ್ಣಿನ ಬುಟ್ಟಿ ಇಟ್ಟು ಫೋಟೋ ತೆಗೆದರು. ಫೋಟೋ ತೆಗೆಯುವ ಗಳಿಗೆಗೆ ಸರಿಯಾಗಿ ಕಣ್ಣು ಮುಚ್ಚುವುದು ಇವರಿಗೆ ಹುಟ್ಟಿನಿಂದ ಬಂದದ್ದು. ಮಗಳು ಆ ಫೋಟೋವನ್ನು ನನ್ನ ಮೊಬೈಲಿನಿಂದ ಸ್ಟೇಟಸ್‌ಗೆ ಏರಿಸಿ, ‘ಸಾರ್ಥಕ ಪಯಣ ಮುಗಿಯಿತು’ ಎಂದು ಬರೆದಳು. ಅರ್ಧ ಗಂಟೆಯೊಳಗೆ ಮೊದಲ ‘ಓಂ ಶಾಂತಿ’ ಬಂತು. ಹಾವೇರಿ ಕಡೆಯ ಬಂಧುವೊಬ್ಬರು, ಎಷ್ಟು ಗಂಟೆಗೆ ಇಟ್ಟುಕೊಂಡಿದ್ದೀರಿ, ನಾವು ಹೊರಟಿದ್ದೇವೆ ಎಂದು ಕೇಳಿದ್ದರು. ನಿವೃತ್ತಿಯ ಮೊದಲ ದಿನವೇ ಇವರಿಗೆ ಕೈತುಂಬ ಕೆಲಸ ಸಿಕ್ಕಿತು. ಕನ್ನಡಕ ಏರಿಸಿ ಕುಳಿತು ಒಬ್ಬೊಬ್ಬರಿಗೂ ತಾವೇ ಉತ್ತರ ಬರೆದರು: ‘ತಮ್ಮ ಸಂತಾಪಕ್ಕೆ ಧನ್ಯವಾದಗಳು. ನಾನು ಕ್ಷೇಮ.’ ಅದನ್ನು ಓದಿದವರ ಪೈಕಿ ಇಬ್ಬರು ಇನ್ನೂ ನಮ್ಮ ಮನೆಯ ಕರೆ ಸ್ವೀಕರಿಸುತ್ತಿಲ್ಲ.

ಇರಲಿ, ಗೆಳತಿಯರ ವಿಷಯಕ್ಕೆ ಬರುತ್ತೇನೆ. ನಾವು ನಾಲ್ವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಒಂದೇ ಬೆಂಚಿನವರು. 1917ರಲ್ಲಿ ಶುರುವಾದ ಆ ಕಾಲೇಜು ಇರುವುದು ಹಿಂದೆ ರೈಲ್ವೆ ಕಂಪನಿಯ ಕಚೇರಿಯಾಗಿದ್ದ ಕಟ್ಟಡದಲ್ಲಿ. ನಾವು ದಿನವೂ ತಡವಾಗಿ ಬರುವುದನ್ನು ಆ ಗೋಡೆಗಳು ಸಹಜವೆಂದೇ ಭಾವಿಸಿರಬೇಕು. ಎಲ್ಲೇ ಇದ್ದರೂ ದಸರೆಗೆ ಸೇರಿ ಬನ್ನಿ ಕೊಟ್ಟುಕೊಳ್ಳಬೇಕು ಎಂಬುದು ನಮ್ಮ ಒಪ್ಪಂದ. ಹೆಸರು ಬರೆದರೆ ಮುಂದಿನ ವರ್ಷ ಬನ್ನಿ ಇಲ್ಲ ಎಂದು ಮೂವರೂ ಎಚ್ಚರಿಕೆ ಕೊಟ್ಟಿರುವುದರಿಂದ ಅವರನ್ನು ಟೀಚರ್, ಮ್ಯಾನೇಜರ್, ವಕೀಲೆ ಎಂದೇ ಕರೆಯುತ್ತೇನೆ. ಟೀಚರ್ ಈಗ ಟೀಚರ್ ಅಲ್ಲ, ಮ್ಯಾನೇಜರ್ ಮ್ಯಾನೇಜರ್ ಅಲ್ಲ. ವಕೀಲೆ ಮಾತ್ರ ಸಾಯುವತನಕ ವಕೀಲೆ.

2025ರ ವಿಜಯದಶಮಿ ಅಕ್ಟೋಬರ್ 2ರಂದೇ ಬಂತು. ಗಾಂಧಿ ಜಯಂತಿಯ ರಜೆಯೊಂದು ದಸರೆಯ ಹೊಟ್ಟೆಗೆ ಹೋಯಿತು ಎಂದು ನೌಕರಿಯಲ್ಲಿರುವವರೆಲ್ಲ ಕೊರಗುತ್ತಿದ್ದರು. ನಮ್ಮ ಗುಂಪಿನಲ್ಲಿ ಹಾಗೆ ಕೊರಗುವವರು ಯಾರೂ ಉಳಿದಿರಲಿಲ್ಲ.

ಟೀಚರ್ ಹಿಂದಿನ ದಸರೆ ಮುಗಿಸಿಕೊಂಡು ಬೆಂಗಳೂರಿಗೆ ಮಗನ ಮನೆ ಸೇರಿದವಳು. ಧಾರವಾಡದವರೆಗೆ ಬರುವ ರೈಲುಗಳಲ್ಲಿ ಜಾಗ ಸಿಗದೆ ಹುಬ್ಬಳ್ಳಿಗೆ ಬಂದಳು. ಕರೆದುಕೊಂಡು ಬರುವ ಹೊಣೆ ನನ್ನದು. ರೈಲು ನಿಂತದ್ದು ಎಂಟನೆಯ ಪ್ಲಾಟ್‌ಫಾರ್ಮಿನಲ್ಲಿ. ಹೊರಗಿನವರಿಗೆ ಇದರ ಗಾಂಭೀರ್ಯ ತಿಳಿಯಲಿಕ್ಕಿಲ್ಲ. ಆ ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರ್, 2023ರಲ್ಲಿ ಲೋಕಾರ್ಪಣೆಯಾದಾಗ ಜಗತ್ತಿನಲ್ಲೇ ಅತಿ ಉದ್ದದ್ದು ಎನ್ನಿಸಿಕೊಂಡಿತು, ನಮಗೆಲ್ಲ ಹೆಮ್ಮೆಯಾಯಿತು. ಹೆಮ್ಮೆಪಡುವಾಗ ಯಾರೂ ಅದರ ಮೇಲೆ ನಡೆದಿರಲಿಲ್ಲ.

“ಎಲ್ಲಿದ್ದೀಯ?”

“ಪ್ಲಾಟ್‌ಫಾರ್ಮಿನಲ್ಲಿ. ನೀನು?”

“ನಾನೂ ಪ್ಲಾಟ್‌ಫಾರ್ಮಿನಲ್ಲೇ ಇದ್ದೇನೆ.”

ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದೆವು. ಚಹಾ ಅಂಗಡಿ ಕಾಣಿಸುತ್ತದೆಯೇ ಎಂದರೆ ಕಾಣಿಸುತ್ತದೆ ಎನ್ನುತ್ತಾಳೆ, ನನಗೂ ಒಂದು ಚಹಾ ಅಂಗಡಿ ಕಾಣಿಸುತ್ತಿತ್ತು. ಬೋರ್ಡಿನಲ್ಲಿ ಏನಿದೆ ಎಂದರೆ ಶ್ರೀ ಸಿದ್ಧಾರೂಢ ಸ್ವಾಮೀಜಿ ಹುಬ್ಬಳ್ಳಿ ನಿಲ್ದಾಣ ಎಂದು ಪೂರ್ತಿ ಓದಿ ಹೇಳಿದಳು, ಟೀಚರ್ ಅಲ್ಲವೇ. ಕೊನೆಗೆ ನೀನು ನಿಂತಲ್ಲೇ ನಿಲ್ಲು, ನಾನು ಬರುತ್ತೇನೆ ಎಂದು ಹೊರಟೆ. ಅವಳೂ ಅದನ್ನೇ ಹೇಳಿ ಹೊರಟಿದ್ದಳು. ಅರ್ಧ ದಾರಿಯಲ್ಲಿ, ಚಕ್ರದ ಪೆಟ್ಟಿಗೆ ಎಳೆಯುತ್ತ ಎದುರಿಗೆ ಬಂದ ಬಿಳಿಗೂದಲ ಹೆಂಗಸೊಬ್ಬರು, “ಅಮ್ಮಾ, ಸ್ವಲ್ಪ ದಾರಿ ಬಿಡುತ್ತೀರಾ?” ಎಂದರು. ಇಷ್ಟು ವರ್ಷಗಳ ಸ್ನೇಹದಲ್ಲಿ ಟೀಚರ್ ನನಗೆ ಬಹುವಚನ ಕೊಟ್ಟದ್ದು ಅದೊಂದೇ ಸಲ.

ತಲೆಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಾಳಂತೆ. ಸ್ಟೇಟಸ್‌ನಲ್ಲಿ ಅವಳು ಹಾಕುತ್ತಿದ್ದುದು ಮೊಮ್ಮಗನ ಚಿತ್ರ, ಹದಿನಾಲ್ಕನೆಯ ಮಹಡಿಯಿಂದ ಕಾಣುವ ಮೋಡದ ಚಿತ್ರ. ಆ ಮೋಡ ನೋಡಿ ಅವಳು ಸಿಮ್ಲಾಕ್ಕೆ ಹೋಗಿದ್ದಾಳೆಂದು ಮ್ಯಾನೇಜರ್ ಸ್ವೆಟರ್ ತರಲು ಹೇಳಿದ್ದಳು.

ಧಾರವಾಡಕ್ಕೆ ಚಿಗರಿ ಬಸ್ ಹತ್ತಿದೆವು. ಹಬ್ಬದ ದಿನ, ಕಾಲಿಡಲು ಜಾಗವಿಲ್ಲ. ಹತ್ತಿದ ತಕ್ಷಣ ಕಾಲೇಜು ಹುಡುಗನೊಬ್ಬ ಎದ್ದು, “ಕೂತುಕೊಳ್ಳಿ ಅಜ್ಜಿ” ಎಂದು ಟೀಚರಿಗೆ ಸೀಟು ಬಿಟ್ಟುಕೊಟ್ಟ. ಪಕ್ಕದಲ್ಲೇ ಅದೇ ವಯಸ್ಸಿನ, ಅದಕ್ಕಿಂತ ಕೆಟ್ಟ ಮೊಣಕಾಲಿನ ನಾನು ನಿಂತಿದ್ದೆ. ನನ್ನ ತಲೆ ಕಪ್ಪಗಿತ್ತು, ಹಿಂದಿನ ದಿನವಷ್ಟೇ ಹಚ್ಚಿಕೊಂಡದ್ದು. ಉಣಕಲ್ ಹೋಯಿತು, ನವನಗರ ಹೋಯಿತು, ರಾಯಾಪುರ ಹೋಯಿತು, ಯಾರೂ ಏಳಲಿಲ್ಲ. ಜುಬಿಲಿ ವೃತ್ತದವರೆಗೂ ಟೀಚರ್ ಕಿಟಕಿಯಿಂದ ಹೊರಗೆ ನೋಡುತ್ತ ನಗು ತಡೆದುಕೊಂಡಿದ್ದಳು. ತಿಂಗಳಿಗೆ ಬಣ್ಣಕ್ಕೆ ಎಷ್ಟು ಖರ್ಚು ಮಾಡುತ್ತೀ ಎಂದು ಇಳಿಯುವಾಗ ಬಹಳ ಮುಗ್ಧವಾಗಿ ಕೇಳಿದಳು.

ಆ ವರ್ಷದ ಕೂಟ ಇದ್ದದ್ದು ಕೆಲಗೇರಿ ಕಡೆಯ ಮ್ಯಾನೇಜರ್ ಮನೆಯಲ್ಲಿ. ವಕೀಲೆ ಆಗಲೇ ಬಂದು ಶೇಂಗಾ ಹೋಳಿಗೆಯೊಂದನ್ನು ಮುಗಿಸಿದ್ದಳು. ನಾನು ಅವಳನ್ನು ಕಂಡದ್ದೇ ಹೊಸ ಮನೆಯ ಬಗ್ಗೆ ಕೇಳಿದೆ. ಸ್ಟೇಟಸ್‌ನಲ್ಲಿ ತೋರಣ ಕಟ್ಟಿದ ಬಾಗಿಲು, ಪೂರ್ಣಕುಂಭ, ಕಾಯಿ ಒಡೆಯುತ್ತಿರುವ ಚಿತ್ರ ಇದ್ದದ್ದು ನೆನಪಿತ್ತು.

ಅದು ಅವಳು ಕೊಂಡ ಮನೆಯಾಗಿರಲಿಲ್ಲ, ಮಾರಿದ ಮನೆ. ಮಾಳಮಡ್ಡಿಯಲ್ಲಿ ಅವಳ ಅಪ್ಪ ಕಟ್ಟಿಸಿದ್ದು, ಕೊಂಡವರು ಪೂಜೆಗೆ ಕರೆದಿದ್ದರು. ಕೊನೆಯದಾಗಿ ಒಂದು ಫೋಟೋ ಎಂದು ತೆಗೆದು ಹಾಕಿದಳು. “ಅಪ್ಪನ ಮನೆ ಕೈಬಿಟ್ಟದ್ದಕ್ಕೆ ಊರಿಗೆ ಊರೇ ಅಭಿನಂದಿಸಿತು” ಎಂದು ಮೊಬೈಲ್ ತೆರೆದು ತೋರಿಸಿದಳು. ಒಬ್ಬರು ‘ಇನ್ನೂ ಇಂಥ ಅನೇಕ ಸಂದರ್ಭಗಳು ಬರಲಿ’ ಎಂದು ಹಾರೈಸಿದ್ದರು. ಅವಳಿಗೆ ಇನ್ನು ಮಾರಲು ಉಳಿದಿರುವುದು ಸ್ಕೂಟರ್ ಮಾತ್ರ.

ವಕೀಲಳಾದವಳು ಸುಮ್ಮನೆ ಮಾರುತ್ತಾಳೆಯೇ. ಹಿತ್ತಲಿನ ಆಪೂಸು ಮರದಿಂದ ಪ್ರತಿ ಬೇಸಿಗೆಗೆ ಎರಡು ಬುಟ್ಟಿ ಹಣ್ಣು ತನಗೆ ಸಲ್ಲತಕ್ಕದ್ದು ಎಂದು ಬೇರೆ ಕಾಗದವನ್ನೇ ಬರೆಸಿಕೊಂಡಿದ್ದಳು. ಕೊಂಡವರು ನಗುನಗುತ್ತ ಸಹಿ ಹಾಕಿದರು. ಸಹಿ ಹಾಕಿದ ಮೇಲೆ ಕಾರು ನಿಲ್ಲಿಸಲು ಜಾಗ ಸಾಲದೆಂದು ಮರವನ್ನೇ ಕಡಿಸಿದರು. ಉಚ್ಚ ನ್ಯಾಯಾಲಯದ ಪೀಠ ಇದೇ ಧಾರವಾಡದಲ್ಲಿದ್ದರೂ, ಇಲ್ಲದ ಮರದ ಹಣ್ಣನ್ನು ಯಾವ ಕಲಮಿನಡಿ ಕೇಳಬೇಕೆಂದು ಅವಳು ಇನ್ನೂ ಹುಡುಕುತ್ತಿದ್ದಾಳೆ.

ಊಟದ ನಂತರ ಬನ್ನಿ. ಎಲೆ ಕೈಗಿಟ್ಟು, ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎಂದು ನಮ್ಮ ಕಡೆಯ ವಾಡಿಕೆಯ ಮಾತು ಹೇಳಿದೆವು. ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿದ ವರ್ಷ ಅದು. “ಬಂಗಾರದಂತೆ ಇದ್ದರೆ ಲಾಕರಿನಲ್ಲಿಟ್ಟು ಬೀಗ ಹಾಕುತ್ತಾರೆ, ಬನ್ನಿಯಂತೆಯೇ ಇರೋಣ” ಎಂದಳು ವಕೀಲೆ.

ಮ್ಯಾನೇಜರ್ ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದು ಎರಡು ಧಾರವಾಡಿ ಎಮ್ಮೆ ಕಟ್ಟಿದ್ದಾಳೆ. ಅರ್ಧಚಂದ್ರಾಕಾರದ ಕೊಂಬಿನ ಈ ತಳಿಗೆ ಕೆಲವು ವರ್ಷಗಳ ಹಿಂದೆ ರಾಷ್ಟ್ರಮಟ್ಟದ ಮಾನ್ಯತೆ ಸಿಕ್ಕಿದೆ, ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದರೂ ತನಗೆ ಅದು ಸಿಗಲಿಲ್ಲ ಎಂದು ಅವಳ ಅಂಬೋಣ. ಗೊಡ್ಡೆಮ್ಮೆಗೆ ಅವಳು ಅನುತ್ಪಾದಕ ಆಸ್ತಿ ಎನ್ನುತ್ತಾಳೆ, ಹಿಂಡಿ ಹಾಕುವುದಕ್ಕೆ ಹೂಡಿಕೆ ಎನ್ನುತ್ತಾಳೆ. ಧಾರವಾಡದ ಪೇಡೆಗೆ ಲೈನ್ ಬಜಾರಿನಲ್ಲಿ ಸಾಲು ನಿಲ್ಲುವುದೇಕೆ, ಮನೆಯ ಹಾಲಿನಲ್ಲೇ ಮಾಡಿದ್ದೇನೆ ಎಂದು ತಟ್ಟೆ ತಂದಿಟ್ಟಳು. ಖವೆ ಹುರಿಯುವುದು ಒಂದು ಹದ ಮೀರಿತ್ತು ಎಂದಷ್ಟೇ ಹೇಳುತ್ತೇನೆ. ಟೀಚರ್ ಕಚ್ಚಿದಳು, ಕದ್ದು ಕೈಯಲ್ಲಿ ಏನನ್ನೋ ಹಿಡಿದುಕೊಂಡು ಬಚ್ಚಲ ಕಡೆ ಹೋದಳು. ಬಂದ ಮೇಲೆ, ಧಾರವಾಡದ ಹಲ್ಲಿನ ವೈದ್ಯರು ಹಬ್ಬದ ದಿನ ಬಾಗಿಲು ತೆರೆದಿರುತ್ತಾರೆಯೇ ಎಂದು ವಿಚಾರಿಸಿದಳು.

ಸಂಜೆ ಐದಕ್ಕೆ ಹಾಲು ಹಿಂಡುವ ಹೊತ್ತು. ಕೊಟ್ಟಿಗೆಗೆ ನಾವೂ ಹೋದೆವು. ದೊಡ್ಡ ಎಮ್ಮೆ ಪರರ ದನಿ ಕೇಳಿದರೆ ಹಾಲು ಬಿಡುವುದಿಲ್ಲ, ನೀವು ಉಸಿರೆತ್ತಬಾರದು, ನಾನು ಮಾತ್ರ ಮಾತಾಡುತ್ತಿರಬೇಕು ಎಂದು ತಾಕೀತು ಮಾಡಿ, ಸೆರಗು ಸಿಕ್ಕಿಸಿ ಕುಳಿತು, ಕೆಚ್ಚಲಿಗೆ ನೀರು ಚಿಮುಕಿಸಿ ಕೈ ಹಚ್ಚಿದಳು. ಎಮ್ಮೆಯ ಪಕ್ಕೆಗೆ ಹಣೆ ಆನಿಸಿ ಮಾತು ಶುರು ಮಾಡಿದಳು. ಕೇಳುತ್ತಿದ್ದದ್ದು ಎಮ್ಮೆ, ನಾವು ಮೂವರು ಕಣಿಕೆಯ ಸಿವುಡಿನ ಮೇಲೆ ಬಾಯಿ ಮುಚ್ಚಿ ಕುಳಿತಿದ್ದೆವು. ಅಮ್ಮ ಹಾಸಿಗೆ ಹಿಡಿದದ್ದು, ರಜೆಯೆಲ್ಲ ತೀರಿದ್ದು, ದೂರದ ಶಾಖೆಗೆ ವರ್ಗದ ಆದೇಶ ಬಂದದ್ದು, ಬೇಡವೆಂದು ನೌಕರಿಯನ್ನೇ ಬಿಟ್ಟದ್ದು, ಬಿಟ್ಟ ಎರಡೇ ತಿಂಗಳಿಗೆ ಅಮ್ಮ ಹೊರಟುಹೋದದ್ದು. ಬೆಳಿಗ್ಗೆ ನಾಲ್ಕೂವರೆಗೆ ಏಳುವ ರೂಢಿ ಉಳಿಯಿತು, ಎದ್ದು ಮಾಡುವ ಸೇವೆ ಉಳಿಯಲಿಲ್ಲ. ಅದಕ್ಕೆ ನಿನ್ನನ್ನು ತಂದೆ ಕಣೇ ಎಂದಳು ಎಮ್ಮೆಗೆ. ನೊರೆಹಾಲು ತಂಬಿಗೆಯಲ್ಲಿ ಒಂದೇ ಲಯದಲ್ಲಿ ಏರುತ್ತಿತ್ತು.

ಅಮ್ಮ ತೀರಿಕೊಂಡದ್ದು ನಮಗೆ ಗೊತ್ತಿತ್ತು, ಎಮ್ಮೆ ಬಂದದ್ದೂ ಗೊತ್ತಿತ್ತು. ನೌಕರಿ ಬಿಟ್ಟದ್ದು ಎಮ್ಮೆಗಾಗಿ ಎಂದು ನಂಬಿ ಮೂವರೂ ‘ಬಿಡುಗಡೆಯ ಶುಭಾಶಯಗಳು’ ಕಳಿಸಿದ್ದೆವು. ಟೀಚರಿಗೆ ತಡೆಯಲಾಗಲಿಲ್ಲ. “ನಮಗೇಕೆ ಹೇಳಲಿಲ್ಲವೇ?” ಎಂದು ತರಗತಿಯ ದನಿಯಲ್ಲಿ ಕೂಗಿಬಿಟ್ಟಳು. ಎಮ್ಮೆ ಬೆಚ್ಚಿ ಹಿಂಗಾಲು ಝಾಡಿಸಿತು. ತಂಬಿಗೆ ಹಾರಿತು. ಅಷ್ಟೂ ಹಾಲು ಟೀಚರಿನ ಇಳಕಲ್ ಸೀರೆಗೆ ಅಭಿಷೇಕವಾಯಿತು, ಹಿಂದೆ ಸರಿಯುವ ಭರದಲ್ಲಿ ಕಾಲು ಸೆಗಣಿಯಲ್ಲಿ ಹೋಯಿತು. ಒಂದು ಕ್ಷಣ ಯಾರಿಗೂ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಷ್ಟ ಯಾರು ಭರಿಸತಕ್ಕದ್ದು ಎಂದು ವಕೀಲೆ ಕೇಳಿದ ಮೇಲೆ ಮ್ಯಾನೇಜರ್ ನೆಲಕ್ಕೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಇಷ್ಟರ ನಡುವೆ ನನ್ನ ಫೋನ್ ಬಾರಿ ಬಾರಿಗೂ ಬಡಿದುಕೊಳ್ಳುತ್ತಿತ್ತು. ಇಂಗಿನ ಡಬ್ಬಿ ಎಲ್ಲಿ, ಕುಕ್ಕರಿನ ಸೀಟಿ ಕೂಗುವುದು ಯಾಕೆ ನಿಂತಿತು, ಅಡುಗೆಮನೆಯ ಕಪಾಟನ್ನು ಅಕಾರಾದಿಯಾಗಿ ಜೋಡಿಸುತ್ತಿದ್ದೇನೆ, ಗಸಗಸೆ ಸಿಗುತ್ತಿಲ್ಲ. ನಿವೃತ್ತ ಗಂಡನೆಂದರೆ ಏನು ಎಂಬುದನ್ನು ನಾನು ವಿವರಿಸಬೇಕಾಗಲಿಲ್ಲ, ಸ್ಪೀಕರ್ ಹಾಕಿದ್ದೆ. ಮ್ಯಾನೇಜರ್ ತೋಳಿನಿಂದ ಮುಖ ಒರೆಸಿಕೊಂಡು ಫೋನ್ ಕಸಿದುಕೊಂಡಳು. “ಸರ್, ನನ್ನ ಹಾಲಿನ ವರ್ತನೆಯ ಲೆಕ್ಕ ಪೂರ್ತಿ ಗೋಜಲಾಗಿದೆ. ನಿಮ್ಮಂಥ ಅನುಭವಸ್ಥರು ಬಂದು ನೋಡಿದರೆ ಉಪಕಾರವಾಗುತ್ತದೆ” ಎಂದಳು. ಬ್ಯಾಂಕಿನಲ್ಲಿ ಇಡೀ ಜನ್ಮ ಲೆಕ್ಕ ನೋಡಿದವಳು!

ಮರುದಿನ ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿ ಧಾರವಾಡದ ಚಿಗರಿ ಹತ್ತಿದರು. ಈಗ ವಾರಕ್ಕೆ ಮೂರು ದಿನ ಹೋಗುತ್ತಾರೆ. ಸಂಬಳ, ಒಂದು ಲೀಟರ್ ಎಮ್ಮೆ ಹಾಲು. ತಂದು ಒಲೆಯ ಪಕ್ಕ ಇಡುತ್ತಾರೆ, ನಾನು ಕಾಯಿಸಲು ಪಾತ್ರೆ ತೆಗೆದರೆ ಅದನ್ನು ಬೆಳಕಿಗೆ ಹಿಡಿದು ನೋಡಿ, “ಇದನ್ನು ಇನ್ನೊಮ್ಮೆ ತೊಳೆ, ಹಾಲು ಒಡೆಯುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಇಂಥದ್ದೆಲ್ಲ ನಡೆಯುವುದಿಲ್ಲ” ಎನ್ನುತ್ತಾರೆ.