ರಾತ್ರಿ ಪಾಳಿ ಕರೆಂಟು, ಬೆಳಗಿನ ಶುಗರ್

ನಮ್ಮ ಅಪ್ಪಾಜಿ ಹತ್ತಿರ ಒಂದು ಪುಟ್ಟ ಡೈರಿ ಇದೆ. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಡ್ತಾರಲ್ಲ, ಅಂಗಿ ಜೇಬಿನಲ್ಲಿ ಹಿಡಿಸುವಂಥದ್ದು. ಅದರಲ್ಲಿ ಅವರು ಬರೆಯುತ್ತಿದ್ದದ್ದು ಎರಡೇ ವಿಷಯ. ಪಂಪ್‌ಸೆಟ್ ಓಡಿಸುವ ತ್ರೀ ಫೇಸ್ ಕರೆಂಟ್ ಎಷ್ಟೊತ್ತಿಗೆ ಬಂತು, ತೋಟಕ್ಕೆ ನೀರು ಬಿಡಲು ಯಾವ ಗೇಟ್‌ವಾಲ್ ತಿರುಗಿಸಿದ್ದು. ಚನ್ನಗಿರಿ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಅಡಿಕೆ ತೋಟ. ಬೋರ್‌ವೆಲ್ ನೀರೇ ಗತಿ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಸುಮ್ನೆ ಕೂತು ಆ ಡೈರಿ ತಿರುವುತ್ತಿದ್ದೆ. ಪಕ್ಕದಲ್ಲೇ ಅಪ್ಪಾಜಿಯ ಶುಗರ್ ನೋಡುವ ಮಿಷನ್ ಇತ್ತು. ಹಳೆಯ ರೀಡಿಂಗ್‌ಗಳು ದಿನಾಂಕದ ಸಮೇತ ಅದರಲ್ಲಿ ಉಳಿದಿರುತ್ತವೆ. ಏನೋ ಹೊಳೆದು ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದೆ. ರಾತ್ರಿ ಪಾಳಿ ಕರೆಂಟ್ ಇದ್ದ ವಾರ ಬೆಳಗಿನ ಬರಿ ಹೊಟ್ಟೆ ಶುಗರ್ 171, 164, 182, 168. ಹಗಲು ಪಾಳಿ ಬಂದ ವಾರ 139, 142, 133, 145. ಅದೇ ಮಾತ್ರೆ, ಅದೇ ಊಟ. ಇನ್ನೂ ಹಿಂದಿನ ನಾಲ್ಕು ವಾರ ನೋಡಿದೆ. ಅಲ್ಲೂ ಅದೇ ಕಥೆ.

ಇದು ಅಧ್ಯಯನ ಅಲ್ಲ, ಒಬ್ಬ ಮನುಷ್ಯನ ಒಂದೂವರೆ ತಿಂಗಳ ಲೆಕ್ಕ ಅಷ್ಟೇ. ರಾತ್ರಿ ತೋಟಕ್ಕೆ ಹೋದಾಗ ಫ್ಲಾಸ್ಕಿನ ಸಕ್ಕರೆ ಟೀ, ಎರಡು ಬಿಸ್ಕತ್ತು ಹೊಟ್ಟೆಗೆ ಹೋಗಿರುತ್ತವೆ, ಅದೂ ಸೇರಿರಬಹುದು. ಆದರೂ ಆ ಹಾಳೆ ನೋಡಿದ ಮೇಲೆ ನನಗೆ ಸಮಾಧಾನವಾಗಿ ಕೂರಲು ಆಗಲಿಲ್ಲ. ಮೂರು ವರ್ಷದಿಂದ ನಾವು ಅಪ್ಪಾಜಿ ತಟ್ಟೆ ಮೇಲೆ ಕಣ್ಣಿಟ್ಟಿದ್ದೆವು. "ಅನ್ನ ಕಮ್ಮಿ ಮಾಡಿ", "ಬಾಳೆಹಣ್ಣು ಬೇಡ", "ಮದುವೆ ಮನೇಲಿ ಹೋಳಿಗೆ ಮುಟ್ಟಬೇಡಿ". ಎಷ್ಟು ಹೊತ್ತು ಮಲಗಿದಿರಿ ಅಂತ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ರಾತ್ರಿ ಪಾಳಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಪಂಪ್‌ಸೆಟ್‌ಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಡುತ್ತೇವೆ ಅನ್ನುವುದು ಸರ್ಕಾರದ ಮಾತು. ಅದು ಹಗಲಿಗೆ ಒಂದಿಷ್ಟು, ರಾತ್ರಿಗೆ ಒಂದಿಷ್ಟು ಅಂತ ಹಂಚಿಹೋಗುತ್ತದೆ, ಪಾಳಿ ಬದಲಾಗುತ್ತಿರುತ್ತದೆ. ನಮ್ಮಲ್ಲಿ ರಾತ್ರಿ 12ಕ್ಕೆ ಬರಬೇಕು. ಒಮ್ಮೊಮ್ಮೆ 1ಕ್ಕೆ ಬರುತ್ತದೆ. ಬಂದು ಅರ್ಧ ಗಂಟೆಗೆ ಹೋಗುತ್ತದೆ. ಮತ್ತೆ ಬರುತ್ತದೆ. ಬಂದಾಗ ಹಿಡಿದುಕೊಳ್ಳದಿದ್ದರೆ ಆ ದಿನದ ನೀರು ಹೋಯಿತು. ಏಪ್ರಿಲ್ ತಿಂಗಳ ಬಿಸಿಲಿಗೆ ಅಡಿಕೆ ಹಿಂಗಾರ ಒಣಗುವುದನ್ನು ನೋಡಿದವರಿಗೆ ಆ ನೀರಿನ ಬೆಲೆ ಗೊತ್ತು.

ಹಾಗಾಗಿ ಅಪ್ಪಾಜಿ ಒಂಬತ್ತೂವರೆಗೆ ಮಲಗಿದರೂ ಮಲಗಿದ ಹಾಗಲ್ಲ. ಅದು ಕೋಳಿ ನಿದ್ದೆ. ಅಲಾರಂ ಹೊಡೆಯುವ ಮೊದಲೇ ಎದ್ದು ಕೂತಿರುತ್ತಾರೆ. ಟಾರ್ಚು, ಕೋಲು, ತಲೆಗೊಂದು ಟವಲ್ಲು. ಹಿತ್ತಲ ಬಾಗಿಲಿನ ಅಗುಳಿ ತೆಗೆದ ಸದ್ದಿಗೆ ಅಮ್ಮನಿಗೂ ಎಚ್ಚರ. ಹಾವು, ಚಿರತೆ ಅಂತ ಹೆದರಿಕೊಂಡು ಅವರು ವಾಪಸ್ ಬರುವವರೆಗೆ ಅಮ್ಮ ಎವೆ ಮುಚ್ಚುವುದಿಲ್ಲ. ಬೆಳಗ್ಗೆ ಐದಕ್ಕೆ ಹಸು ಕರೆಯಲು ಮತ್ತೆ ಇಬ್ಬರೂ ಏಳಲೇಬೇಕು. ಒಂದು ಮೋಟಾರು ಓಡಲು ಎರಡು ಜನರ ನಿದ್ದೆ ಹೋಗುತ್ತದೆ. ಅಮ್ಮನ ನಿದ್ದೆಯಂತೂ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ನಿದ್ದೆಗೂ ಶುಗರ್‌ಗೂ ಎಲ್ಲಿಯ ಸಂಬಂಧ ಅಂತ ನೀವು ಕೇಳಬಹುದು. ನಾನೂ ಓದಿ ತಿಳಿದುಕೊಂಡಿದ್ದೇ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಒಂದು ಪ್ರಯೋಗ ಮಾಡಿದರು. ಗಟ್ಟಿಮುಟ್ಟಾದ 11 ಜನ ಹುಡುಗರು. ಆರು ರಾತ್ರಿ ಬರೀ ನಾಲ್ಕು ಗಂಟೆ ಮಾತ್ರ ಹಾಸಿಗೆ. ಅಷ್ಟಕ್ಕೇ ಅವರ ಮೈಗೆ ರಕ್ತದಲ್ಲಿನ ಸಕ್ಕರೆ ಇಳಿಸುವ ಶಕ್ತಿ ತೀರಾ ಕುಗ್ಗಿತು. ಸಂಜೆ ಹೊತ್ತಿಗೆ ಇಳಿಯಬೇಕಾದ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಇಳಿಯದೆ ಮೇಲೇ ಉಳಿಯಿತು. ಶುಗರ್ ಕಾಯಿಲೆ ಇಲ್ಲದ ಹುಡುಗರಿಗೇ ಹೀಗಾದರೆ 64 ವರ್ಷದ, ಮೊದಲೇ ಶುಗರ್ ಇರುವ ಮನುಷ್ಯನ ಕಥೆ ಏನು?

ಕಾರ್ಟಿಸಾಲ್ ಕೆಟ್ಟದ್ದಲ್ಲ. ಬೆಳಗ್ಗೆ ನಮ್ಮನ್ನು ಎಬ್ಬಿಸಿ ನಿಲ್ಲಿಸುವುದೇ ಅದು. ನಡುರಾತ್ರಿ ಹೊತ್ತಿಗೆ ತೀರಾ ಕಡಿಮೆ ಇದ್ದು, ನಸುಕಿನಲ್ಲಿ ಏರುವುದು ಅದರ ಕ್ರಮ. ನಿದ್ದೆಗೆಟ್ಟು, ಕತ್ತಲಲ್ಲಿ ಹಾವಿಗೆ ಹೆದರಿಕೊಂಡು ತೋಟದಲ್ಲಿ ಓಡಾಡಿದರೆ ಆ ಕ್ರಮ ತಪ್ಪುತ್ತದೆ. "ಏನೋ ಅಪಾಯ ಇದೆ, ಶಕ್ತಿ ಬೇಕು" ಅಂದುಕೊಂಡು ಲಿವರ್ ಸಕ್ಕರೆ ಬಿಡುತ್ತದೆ. ಇನ್ಸುಲಿನ್ ಮಾತು ಮೈ ಸರಿಯಾಗಿ ಕೇಳುವುದಿಲ್ಲ. ಅಪ್ಪಾಜಿ ಅನ್ನ ಕಮ್ಮಿ ಮಾಡಿದರೂ ಬೆಳಗಿನ ಲೆಕ್ಕ ಯಾಕೆ ಮೇಲೇ ಇತ್ತು ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಇದು.

ಇನ್ನೊಂದು ಹಾರ್ಮೋನ್ ಇದೆ. ಅದರ ಹೆಸರೇ ಗ್ರೋತ್ ಹಾರ್ಮೋನ್. ಬೆಳವಣಿಗೆ ಅಂದ ಕೂಡಲೇ ಮಕ್ಕಳಿಗೆ ಮಾತ್ರ ಅನ್ನಿಸುತ್ತದೆ ಅಲ್ವಾ? ದೊಡ್ಡವರಲ್ಲಿ ಅದು ರಿಪೇರಿ ಕೆಲಸ ಮಾಡುತ್ತದೆ. ಸವೆದ ಮಾಂಸಖಂಡ, ಮೂಳೆ. ಅದರ ದೊಡ್ಡ ಪಾಲು ಬಿಡುಗಡೆ ಆಗುವುದು ಮಲಗಿದ ಮೇಲಿನ ಮೊದಲ ಗಾಢ ನಿದ್ದೆಯಲ್ಲಿ. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲೇ ಬರುತ್ತದೆ. ಅಪ್ಪಾಜಿಗೆ ಆ ಹೊತ್ತಿನಲ್ಲಿ ಕಿವಿ ಕರೆಂಟಿನ ಮೇಲೆ ಇರುತ್ತದೆ. ದಿನವೆಲ್ಲ ಗುದ್ದಲಿ ಹಿಡಿದ ಮೈಗೆ ರಿಪೇರಿ ಯಾವಾಗ? "ಬೆಳಗ್ಗೆ ಎದ್ದರೆ ಮೈಯೆಲ್ಲ ಹೊಡೆದು ಹಾಕಿದ ಹಾಗಿರ್ತದೆ" ಅಂತ ಅವರು ಹೇಳಿದಾಗಲೆಲ್ಲ ನಾವು ವಯಸ್ಸಾಯ್ತು ಅಂದುಕೊಂಡೆವು.

ಹಗಲು ಎರಡು ಗಂಟೆ ಮಲಗಿದರೆ ಸರಿ ಹೋಗುವುದಿಲ್ಲವಾ ಅಂತ ನಮ್ಮ ಚಿಕ್ಕಪ್ಪ ಕೇಳಿದರು. ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಅಲ್ಲ. ಮೈಯೊಳಗೆ ಒಂದು ಗಡಿಯಾರ ಇದೆ. ಅದು ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಕತ್ತಲಾದ ಮೇಲೆ ಮಲಗುವ ಹೊತ್ತಾಯಿತು ಅಂತ ಮೈಗೆ ಹೇಳುವ ಮೆಲಟೋನಿನ್ ಹಾರ್ಮೋನ್ ಏರುವುದು, ರಾತ್ರಿ ಮೈಯ ಒಳಗಿನ ಕಾವು ಸ್ವಲ್ಪ ಇಳಿಯುವುದು, ಎಲ್ಲ ಆ ಗಡಿಯಾರದ ಪ್ರಕಾರ. ಮಧ್ಯಾಹ್ನ ಎರಡಕ್ಕೆ ಹಂಚಿನ ಮನೆಯ ಸೆಕೆಯಲ್ಲಿ, ನೊಣ ಓಡಿಸುತ್ತಾ, ಬಂದುಹೋಗುವವರ ಮಾತಿನ ನಡುವೆ ಮಲಗಿದರೆ ಜೋಂಪು ಹತ್ತುತ್ತದೆ ಅಷ್ಟೇ. ರಾತ್ರಿ ನಿದ್ದೆಯ ಜಾಗ ಅದು ತುಂಬುವುದಿಲ್ಲ.

ಈಗ ನನ್ನ ಮಾತು. ನಾನು ಬೆಂಗಳೂರಿನಲ್ಲಿ ಇರುವುದು. ಅಮೆರಿಕದ ಟೀಮಿನ ಜತೆ ಕೆಲಸ. ವಾರದಲ್ಲಿ ನಾಲ್ಕು ದಿನ ರಾತ್ರಿ ಹತ್ತೂವರೆಗೆ ಕಾಲ್ ಇರುತ್ತಿತ್ತು. ಮುಗಿಸಿ ಮಲಗುವಾಗ ಹನ್ನೆರಡೂವರೆ. ಬೆಳಗ್ಗೆ ಐದೂವರೆಗೆ ಎದ್ದು ಜಿಮ್. ಐದು ಗಂಟೆ ನಿದ್ದೆ ಸಾಕು, ಶಿಸ್ತು ಅಂದರೆ ಇದೇ ಅಂತ ನಂಬಿದ್ದೆ. ಎರಡು ವರ್ಷ ಪ್ರೋಟೀನ್ ಪುಡಿಗೆ ದುಡ್ಡು ಸುರಿದೆ. ಎಡ ಭುಜದ ನೋವು ಆರು ತಿಂಗಳಾದರೂ ಬಿಡಲಿಲ್ಲ. ಸಂಜೆ ಆದರೆ ಬೋಂಡಾ, ಸಿಹಿ ಏನಾದರೂ ಬೇಕೇ ಬೇಕು ಅನ್ನಿಸುತ್ತಿತ್ತು.

ಆ ಸಂಜೆಯ ಬಾಯಿಚಪಲಕ್ಕೂ ಕಾರಣ ಇದೆ. ಎರಡೇ ರಾತ್ರಿ ನಾಲ್ಕು ಗಂಟೆ ಮಲಗಿದ ಹುಡುಗರಲ್ಲಿ ಹೊಟ್ಟೆ ತುಂಬಿತು ಅಂತ ಹೇಳುವ ಲೆಪ್ಟಿನ್ 18 ಶೇಕಡ ಇಳಿದಿತ್ತು. ಹಸಿವು ಅಂತ ಹೇಳುವ ಗ್ರೆಲಿನ್ 28 ಶೇಕಡ ಏರಿತ್ತು. 2004ರ ಪ್ರಯೋಗ ಅದು. 2011ರಲ್ಲಿ ಹತ್ತು ಹುಡುಗರನ್ನು ಒಂದು ವಾರ ಐದೇ ಗಂಟೆ ಮಲಗಿಸಿ ನೋಡಿದಾಗ ಮಾಂಸಖಂಡ ಬೆಳೆಸುವ ಗಂಡು ಹಾರ್ಮೋನ್ ಟೆಸ್ಟೋಸ್ಟಿರೋನ್ ಹಗಲು ಹೊತ್ತಿನಲ್ಲಿ 10ರಿಂದ 15 ಶೇಕಡ ಬಿದ್ದಿತ್ತು. ಐದು ಗಂಟೆ. ನಾನು ಶಿಸ್ತು ಅಂದುಕೊಂಡಿದ್ದ ಅದೇ ಐದು ಗಂಟೆ. ಜಿಮ್ಮಿನಲ್ಲಿ ಭಾರ ಎತ್ತಿದಾಗ ಮಾಂಸಖಂಡ ಬೆಳೆಯುವುದಿಲ್ಲ, ಸಣ್ಣಗೆ ಹರಿಯುತ್ತದೆ. ಬೆಳೆಯುವುದು ಆಮೇಲೆ, ಉಂಡು ಮಲಗಿದಾಗ. ನಾನು ಹರಿಯುವ ಕೆಲಸ ಮಾತ್ರ ಮಾಡುತ್ತಿದ್ದೆ.

ಮ್ಯಾನೇಜರ್ ಹತ್ತಿರ ಕೂತು ಮಾತಾಡಿದೆ. ನಾಲ್ಕು ಕಾಲ್ ಎರಡಾಯಿತು. ಆ ಎರಡೂ ಒಂಬತ್ತಕ್ಕೆ ಬಂದವು. ಜಿಮ್ ಸಂಜೆ ಆರಕ್ಕೆ. ಈಗ ಹತ್ತೂವರೆಗೆ ಮಲಗಿ ಆರಕ್ಕೆ ಏಳುತ್ತೇನೆ, ಭಾನುವಾರವೂ ಅದೇ ಹೊತ್ತು. ಎರಡು ತಿಂಗಳಲ್ಲಿ ಭುಜದ ನೋವು ಹೋಯಿತು. ಬೇರೆ ಔಷಧಿ ಏನೂ ಇಲ್ಲ. ಕೇಳುವುದಕ್ಕೇ ಎರಡು ವರ್ಷ ಹೆದರಿಕೊಂಡಿದ್ದೆನಲ್ಲ, ಅದು ಬೇಜಾರು.

ಆದರೆ ನಾನು ಕೇಳಿದ ಹಾಗೆ ಅಪ್ಪಾಜಿ ಯಾರನ್ನು ಕೇಳಬೇಕು? ಇಲ್ಲೇ ನನಗೆ ಸಿಟ್ಟು ಬರುವುದು. ನಿದ್ದೆ ಬಗ್ಗೆ ವಿಡಿಯೊ ಹಾಕುವವರೆಲ್ಲ ಹೇಳುವುದು ಒಂದೇ: ಮೊಬೈಲ್ ದೂರ ಇಡಿ, ರೂಮು ತಣ್ಣಗಿಡಿ, ಮನಸ್ಸು ಶಾಂತವಾಗಿಡಿ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುವ ಗಾದೆಯೂ ಹಾಗೇ, ನಿದ್ದೆ ಬರದಿದ್ದರೆ ನಿನ್ನ ಮನಸ್ಸೇ ಸರಿ ಇಲ್ಲ ಅನ್ನುವ ಹಾಗೆ. ರಾತ್ರಿ ಪಾಳಿಯ ನರ್ಸು, ಸೆಕ್ಯೂರಿಟಿ ಗಾರ್ಡು, ಗಾರ್ಮೆಂಟ್ಸ್‌ಗೆ ಹೋಗಲು ನಾಲ್ಕಕ್ಕೆ ಎದ್ದು ಅಡುಗೆ ಮಾಡುವ ಹೆಂಗಸು, ನೀರು ಹಾಯಿಸುವ ರೈತ, ಇವರ ನಿದ್ದೆ ಇವರ ಕೈಯಲ್ಲಿ ಇಲ್ಲ. ಬೇರೆ ಯಾರೋ ಬರೆದ ವೇಳಾಪಟ್ಟಿಯಲ್ಲಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ರಾತ್ರಿ ಪಾಳಿ ಕೆಲಸವನ್ನು ಬಹುಶಃ ಕ್ಯಾನ್ಸರ್‌ಗೆ ಕಾರಣವಾಗುವಂಥವುಗಳ ಪಟ್ಟಿಗೆ 2007ರಲ್ಲೇ ಸೇರಿಸಿದೆ. 2019ರಲ್ಲಿ ಮತ್ತೆ ಪರಿಶೀಲಿಸಿ ಅದನ್ನೇ ಹೇಳಿದೆ. ಇಷ್ಟಾದರೂ ಹಗಲು ಹತ್ತು ನಿಮಿಷ ತೂಕಡಿಸಿದವರನ್ನು ನಾವು ಕುಂಭಕರ್ಣ ಅಂತೀವಿ.

ನಮ್ಮ ಮನೆಯಲ್ಲಿ ಏನು ಮಾಡಿದೆವು ಅಂತ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ಮೊದಲು ಆಟೋ ಸ್ಟಾರ್ಟರ್ ಹಾಕಿಸೋಣ ಅಂದುಕೊಂಡೆವು. ಲೈನ್‌ಮ್ಯಾನ್ ಬೇಡ ಅಂದರು. ಎಲ್ಲರೂ ಅದನ್ನೇ ಹಾಕಿಕೊಂಡರೆ ಕರೆಂಟ್ ಬಂದ ಕ್ಷಣ ಅಷ್ಟೂ ಮೋಟಾರು ಒಟ್ಟಿಗೆ ಶುರುವಾಗಿ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗುತ್ತದೆ. ಅವರ ಮಾತು ನಿಜ. ಆಮೇಲೆ ಮೊಬೈಲ್ ಸ್ಟಾರ್ಟರ್ ಹಾಕಿಸಿದೆವು. ಕರೆಂಟ್ ಬಂದರೆ ಫೋನ್ ಬರುತ್ತದೆ, ಮಲಗಿದಲ್ಲೇ ಬಟನ್ ಒತ್ತಿ ಮೋಟಾರು ಹಾಕಬಹುದು. ಆದರೆ ಗೇಟ್‌ವಾಲ್ ತಿರುಗಿಸಲು ಹೋಗಲೇಬೇಕಲ್ಲ? ಅದಕ್ಕೆ ತೋಟದ ಎತ್ತರದ ಮೂಲೆಯಲ್ಲಿ ಒಂದು ಹೊಂಡ ತೆಗೆಸಿ ಟಾರ್ಪಾಲು ಹಾಸಿದೆವು. ರಾತ್ರಿ ನೀರು ಹೊಂಡಕ್ಕೆ, ಬೆಳಗ್ಗೆ ಅಲ್ಲಿಂದ ತಾನಾಗಿ ಇಳಿದು ತೋಟಕ್ಕೆ. ಇನ್ನು ಆ ಫೋನು. ಪಕ್ಕದ ತೋಟದ ಅಣ್ಣನೂ ಅದೇ ಸ್ಟಾರ್ಟರ್ ಹಾಕಿಸಿಕೊಂಡರು. ಒಂದು ರಾತ್ರಿ ಎರಡೂ ಮೋಟಾರಿನ ಫೋನು ಅವರಿಗೆ, ಒಂದು ರಾತ್ರಿ ಅಪ್ಪಾಜಿಗೆ. ಹೀಗೆ ದಿನ ಬಿಟ್ಟು ದಿನವಾದರೂ ಅಪ್ಪಾಜಿ ಕರೆಂಟಿನ ಯೋಚನೆ ಇಲ್ಲದೆ ಮಲಗುತ್ತಾರೆ. ಉಪಕರಣಕ್ಕಿಂತ ಈ ಒಪ್ಪಂದವೇ ಜಾಸ್ತಿ ಉಪಯೋಗಕ್ಕೆ ಬಂತು ಅಂತ ನನ್ನ ಅನಿಸಿಕೆ.

ಸಣ್ಣಪುಟ್ಟದ್ದೂ ಬದಲಾಯಿಸಿದೆವು. ಸಂಜೆ ಆರೂವರೆ ಕಾಫಿ ನಾಲ್ಕಕ್ಕೆ ಬಂತು. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು, ಅಂದರೆ ಆರೂವರೆ ಕಾಫಿಯ ಅರ್ಧ ರಾತ್ರಿ ಹನ್ನೊಂದೂವರೆಗೂ ಮೈಯಲ್ಲೇ ಇರುತ್ತದೆ. ರಾತ್ರಿ ಎಂಟರ ಮೇಲೆ ನಡುಮನೆಯ ಟ್ಯೂಬ್‌ಲೈಟ್ ಆರಿಸಿ ಸಣ್ಣ ಹಳದಿ ಬಲ್ಬು. ಅಮ್ಮನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ಗದ್ದೆಯಿಂದ ಬಂದವರು ಸಂಜೆ ಹಂಡೆಯ ಬಿಸಿನೀರು ಹುಯ್ದುಕೊಂಡು ಉಂಡು ಮಲಗುತ್ತಿದ್ದರು. ಅಮ್ಮ ಅದನ್ನು ಮತ್ತೆ ಶುರು ಮಾಡಿಸಿದರು. ಬಿಸಿನೀರಿಗೆ ಕೈಕಾಲಿನ ರಕ್ತನಾಳ ಹಿಗ್ಗಿ ಒಳಗಿನ ಕಾವು ಹೊರಗೆ ಹೋಗುತ್ತದೆ, ಮೈ ತಣಿಯುತ್ತದೆ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಮಾಡಿದರೆ ನಿದ್ದೆ ಬೇಗ ಹತ್ತುತ್ತದೆ. ಅಜ್ಜಿಗೆ ಈ ಕಾರಣ ಗೊತ್ತಿರಲಿಲ್ಲ, ಮೈಗೆ ಗೊತ್ತಿತ್ತು.

ಒಂದು ಮಾತು ಮಾತ್ರ ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ. ಮನೆಯಲ್ಲಿ ಯಾರಾದರೂ ಜೋರಾಗಿ ಗೊರಕೆ ಹೊಡೆದು, ಮಧ್ಯೆ ಉಸಿರೇ ನಿಂತ ಹಾಗಾಗಿ, ಆಮೇಲೆ ಗಕ್ಕನೆ ಉಸಿರೆಳೆದುಕೊಂಡರೆ ಅದು ಒಳ್ಳೆ ನಿದ್ದೆ ಅಲ್ಲ. ಸ್ಲೀಪ್ ಆಪ್ನಿಯಾ ಇರಬಹುದು. ಅಂಥವರಿಗೆ ಎಂಟು ಗಂಟೆ ಮಲಗಿದರೂ ಸುಸ್ತು ಹೋಗುವುದಿಲ್ಲ, ಬಿಪಿ, ಶುಗರ್ ಹತೋಟಿಗೆ ಬರುವುದಿಲ್ಲ. ಬಿಸಿನೀರು, ಹಾಲು ಏನೂ ನಾಟುವುದಿಲ್ಲ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ನಿದ್ದೆಯ ಟೆಸ್ಟ್ ಮಾಡಿಸಿ. ಹಾಗೇ ಶುಗರ್ ಮಾತ್ರೆಯನ್ನು ನನ್ನ ಈ ಪೋಸ್ಟ್ ಓದಿ ಯಾರೂ ಕಮ್ಮಿ ಮಾಡಬೇಡಿ. ಅಪ್ಪಾಜಿಯ ಮಾತ್ರೆ ಮೊದಲಿನ ಹಾಗೇ ಇದೆ.

ಹೊಂಡ ತೆಗೆಸಲು ನಮ್ಮ ಹತ್ತಿರ ನನ್ನ ಸಂಬಳ ಇತ್ತು. ಊರಿನಲ್ಲಿ ಎಲ್ಲರಿಗೂ ಅದು ಇಲ್ಲ. ಅದಕ್ಕೇ ಹಗಲು ಹೊತ್ತೇ ತ್ರೀ ಫೇಸ್ ಕೊಡಿ ಅಂತ ರೈತರು ಕೇಳುವುದನ್ನು ನೀರಿನ ಬೇಡಿಕೆ ಅಂತ ಮಾತ್ರ ನೋಡಬೇಡಿ. ಅದು ಆರೋಗ್ಯದ ಬೇಡಿಕೆ. 2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್‌ಗಳಿಗೆ ಕರೆಂಟ್ ತರುವ ಲೈನಿಗೇ, ಅಂದರೆ ಫೀಡರ್‌ಗೇ ಸೋಲಾರ್ ಜೋಡಿಸಿ ಹಗಲು ಕರೆಂಟ್ ಕೊಡುವ ದಾರಿ ಮಾಡಿದ್ದಾರೆ. ನಿಮ್ಮ ಫೀಡರ್ ಅದರಲ್ಲಿ ಸೇರಿದೆಯಾ ಅಂತ ಕರೆಂಟಿನವರ ಸೆಕ್ಷನ್ ಆಫೀಸಿನಲ್ಲಿ ಕೇಳಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ. ಹೋಗುವಾಗ ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ, ಅವರ ನಿದ್ದೆಯೂ ಹೋಗಿದೆ.

ಮೊನ್ನೆ ಊರಿಗೆ ಹೋದಾಗ ಡೈರಿ ಮತ್ತೆ ನೋಡಿದೆ. ಅಪ್ಪಾಜಿ ತಾವೇ ಒಂದು ಗೆರೆ ಎಳೆದು ಮೂರನೇ ಕಾಲಂ ಮಾಡಿಕೊಂಡಿದ್ದಾರೆ. ಮಂಗಳವಾರದ ಸಾಲು ಹೀಗಿತ್ತು: "ರಾತ್ರಿ 12:40 ಕರೆಂಟ್. ಹೊಂಡ ಮುಕ್ಕಾಲು. ನಿದ್ದೆ 6 ತಾಸು. ಶುಗರ್ 141."

ನಿಮ್ಮೂರಲ್ಲಿ ಪಾಳಿ ಹೇಗಿದೆ, ನೀವು ಏನು ದಾರಿ ಮಾಡಿಕೊಂಡಿದ್ದೀರಿ, ಕಾಮೆಂಟಿನಲ್ಲಿ ಬರೆಯಿರಿ. ಅಪ್ಪಾಜಿಗೆ ಓದಿ ಹೇಳುತ್ತೇನೆ.